ನೇಗಿಲಿನ ಲೆಕ್ಕ ಕಲಿಸುವ ಕಾಲೇಜು

ಹನ್ನೆರಡನೆಯ ಇಯತ್ತೆಯ ಫಲಿತಾಂಶ ಹೊರಬೀಳುವ ದಿನಗಳಲ್ಲಿ ಹೊರನಾಡ ಕನ್ನಡಿಗರ ಮನೆಗಳಲ್ಲಿ ನಡೆಯುವ ಚರ್ಚೆ ಎಲ್ಲರಿಗೂ ಪರಿಚಿತವೇ. ಗಣಿತ ಚೆನ್ನಾಗಿ ಬಂದರೆ ಇಂಜಿನಿಯರಿಂಗ್, ಅದರಲ್ಲಿಯೂ ಕಂಪ್ಯೂಟರು. ಜೀವಶಾಸ್ತ್ರ ಚೆನ್ನಾಗಿ ಬಂದರೆ ವೈದ್ಯಕೀಯ. ಎರಡೂ ಅಷ್ಟಕ್ಕಷ್ಟೇ ಎಂದರೆ ನಮ್ಮ ಹಾಗೆ ಬಿ.ಎ. ಮಾಡಿ ಸರಕಾರಿ ಕಚೇರಿಯಲ್ಲಿ ಕಡತ ಕಟ್ಟುವುದು. ಇದರ ನಡುವೆ ಯಾರಾದರೂ "ಕೃಷಿ ಇಂಜಿನಿಯರಿಂಗ್ ಓದುತ್ತೇನೆ" ಎಂದರೆನ್ನಿ, ಮನೆಯ ಹಿರಿಯರು ಮುಖ ಮುಖ ನೋಡಿಕೊಳ್ಳುತ್ತಾರೆ. "ಹೊಲ ಬಿಟ್ಟು ನಗರಕ್ಕೆ ಬಂದವರು ನಾವು, ಈ ಮಗು ತಿರುಗಿ ನೇಗಿಲು ಹಿಡಿಯಲು ಹೊರಟಿತೇ?" ಎಂದು ಕೇಳುತ್ತಾರೆ. ಕೇಳಿದ್ದು ತಪ್ಪಲ್ಲ. ಉತ್ತರ ಹುಡುಕುವ ಗೊಡವೆಗೆ ಮಾತ್ರ ಯಾರೂ ಹೋಗುವುದಿಲ್ಲ.

ನಮ್ಮ ಬಳಗದ ಹುಡುಗಿಯೊಬ್ಬಳು ಈ ಹಾದಿ ಹಿಡಿದ ಮೇಲೆ ಆಕೆಯ ಪುಸ್ತಕಗಳನ್ನು ರವಿವಾರಗಳಲ್ಲಿ ತಿರುವಿ ಹಾಕುವ ಚಟ ನಮಗೆ ಹತ್ತಿತು. ಸೂತ್ರಗಳೆಲ್ಲ ತಿಳಿದವೆಂದು ಹೇಳಲಾರೆವು. ತಿಳಿದಷ್ಟನ್ನು ವಾಚಕರ ಮುಂದೆ ಇಡುತ್ತೇವೆ.

ಮೊದಲು ಒಂದು ಗೊಂದಲ ತೀರಬೇಕು. ಬಿ.ಎಸ್‌ಸಿ. ಕೃಷಿ ಬೇರೆ, ಕೃಷಿ ಇಂಜಿನಿಯರಿಂಗ್ ಬೇರೆ. ಅದರಲ್ಲಿ ಬೆಳೆ, ಬೀಜ, ಗೊಬ್ಬರ, ಕೀಟಗಳ ಅಭ್ಯಾಸ. ಇದು ನಾಲ್ಕು ವರ್ಷಗಳ ಬಿ.ಟೆಕ್. ಪದವಿ, ಗಣಿತ ಮತ್ತು ಭೌತಶಾಸ್ತ್ರಗಳೇ ಇದರ ಬುನಾದಿ. ಹಾಗೆಂದು ಇದು ಬರಿಯ ಮೆಕ್ಯಾನಿಕಲ್ ಇಂಜಿನಿಯರಿಂಗೂ ಅಲ್ಲ. ಕಾರಖಾನೆಯ ಯಂತ್ರ ಸಿಮೆಂಟಿನ ನೆಲದ ಮೇಲೆ ಕದಲದೆ ನಿಂತಿರುತ್ತದೆ, ಅದಕ್ಕೆ ಉಣಿಸುವ ಲೋಹ ನಿನ್ನೆ ಹೇಗಿತ್ತೋ ಇಂದೂ ಹಾಗೆಯೇ ಇರುತ್ತದೆ. ಹೊಲದ ಯಂತ್ರಕ್ಕೆ ಆ ಭಾಗ್ಯವಿಲ್ಲ. ಮಳೆ ಬಿದ್ದ ಮರುದಿನ ಎರೆಮಣ್ಣು ಅಂಟು. ವಾರ ಕಳೆದರೆ ಹದ. ಇನ್ನೊಂದು ವಾರ ಕಳೆದರೆ ಕಲ್ಲು. ನಮ್ಮ ಅಜ್ಜಂದಿರು ಒಂದು ಹಿಡಿ ಮಣ್ಣನ್ನು ಅಂಗೈಯಲ್ಲಿ ಹಿಚುಕಿ ನೋಡಿ 'ಹದ ಬಂತು' ಎನ್ನುತ್ತಿದ್ದರಲ್ಲ, ಆ ಹದವನ್ನೇ ಈ ಶಾಸ್ತ್ರ ತೇವಾಂಶವೆಂದೂ, ಶಂಕುವಿನಾಕಾರದ ಕಬ್ಬಿಣದ ಮೊನೆಯನ್ನು ನೆಲಕ್ಕೆ ಒತ್ತಿದಾಗ ಬರುವ ಪ್ರತಿರೋಧವೆಂದೂ ಅಂಕಿಗಳಲ್ಲಿ ಅಳೆಯುತ್ತದೆ.

ಲೆಕ್ಕ ಎಷ್ಟು ಸರಳವಾಗಿ ಕಣ್ಣು ತೆರೆಸಬಲ್ಲದೆಂಬುದಕ್ಕೆ ಒಂದು ಉದಾಹರಣೆ. ನೇಗಿಲು ಒಂದು ಸಾಲಿಗೆ ೨೦ ಸೆಂಟಿಮೀಟರು ಅಗಲ ಉಳುತ್ತದೆಂದು ಇಟ್ಟುಕೊಳ್ಳಿ. ಒಂದು ಎಕರೆ ಉತ್ತು ಮುಗಿಸಲು ರೈತ ಎತ್ತುಗಳ ಹಿಂದೆ ಸುಮಾರು ೨೦ ಕಿಲೋಮೀಟರು ನಡೆಯಬೇಕು. ಎತ್ತುಗಳ ನಡಿಗೆ ಗಂಟೆಗೆ ಎರಡು, ಎರಡೂವರೆ ಕಿಲೋಮೀಟರು. ಅಂದರೆ ಸಾಲಿನ ತುದಿಯಲ್ಲಿ ತಿರುಗುವ ಹೊತ್ತನ್ನು ಬಿಟ್ಟೂ ಎಂಟು ಹತ್ತು ಗಂಟೆ. ಊರಿಗೆ ಹೋದಾಗಲೆಲ್ಲ ಹೊಲದ ಬದುವಿನ ಮೇಲೆ ಕುಳಿತು ಗಾಳಿ ಸೇವಿಸಿ ಬಂದ ನಮಗೆ ಈ ೨೦ ಕಿಲೋಮೀಟರು ಯಾರೂ ಹೇಳಿರಲಿಲ್ಲ.

ನೇಗಿಲಿನ ಸುಧಾರಣೆಯಲ್ಲಿ ಕನ್ನಡನಾಡಿನ ಪಾಲೂ ಇದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ೧೮೬೯ ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು ಚಿತ್ರಕಲೆ ಕಲಿಯಲು ಮುಂಬಯಿಗೆ ಹೋದವರು. ಬಣ್ಣಗಳ ಭೇದ ಕಣ್ಣಿಗೆ ಸರಿಯಾಗಿ ತಿಳಿಯದ್ದರಿಂದ ಯಂತ್ರಗಳ ರೇಖಾಚಿತ್ರದ ಕಡೆಗೆ ಹೊರಳಿದರು. ಮುಂದೆ ಬೆಳಗಾವಿಯಲ್ಲಿ ಸೈಕಲ್ಲಿನ ಅಂಗಡಿ ನಡೆಸುತ್ತ ೧೯೦೩ ರಲ್ಲಿ ಕಬ್ಬಿಣದ ನೇಗಿಲು ತಯಾರಿಸಿದರು. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುತ್ತದೆಂದು ರೈತರು ಅದನ್ನು ಮುಟ್ಟಲಿಲ್ಲ. ಮೊದಲನೆಯ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತೆಂದು ಅವರ ಚರಿತ್ರೆ ಹೇಳುತ್ತದೆ. ಕಿರ್ಲೋಸ್ಕರವಾಡಿ ಎದ್ದು ನಿಂತದ್ದು ೧೯೧೦ ರಲ್ಲಿ. ಪುಣೆಯ ವಾಚಕರು ಆ ಹೆಸರನ್ನು ನಿತ್ಯ ನೋಡುವವರು. ಅದರ ಬೇರು ಬೆಳಗಾವಿಯ ಸೈಕಲ್ ಅಂಗಡಿಯಲ್ಲಿದೆಯೆಂಬುದನ್ನು ಮಕ್ಕಳಿಗೆ ಹೇಳಬಹುದು.

ಈ ವಿದ್ಯೆಗೆ ಕಾಲೇಜಿನ ಪದವಿಯ ಮಾನ ದೊರೆತದ್ದು ಅಲಹಾಬಾದಿನಲ್ಲಿ. ಅಲ್ಲಿ ೧೯೧೦ ರಲ್ಲಿ ಸ್ಯಾಮ್ ಹಿಗಿನ್‌ಬಾಟಮ್ ಎಂಬವರು ಸ್ಥಾಪಿಸಿದ ಕೃಷಿ ಸಂಸ್ಥೆಗೆ ೧೯೨೧ ರಲ್ಲಿ ಮೇಸನ್ ವಾ ಎಂಬ ಅಮೆರಿಕದ ಇಂಜಿನಿಯರು ಬಂದರು. ತಮ್ಮ ದೇಶದ ದೊಡ್ಡ ನೇಗಿಲುಗಳನ್ನು ತಂದು ಇಲ್ಲಿಯ ಎತ್ತುಗಳ ಹೆಗಲಿಗೆ ಕಟ್ಟುವುದು ಅವರಿಗೆ ಸುಲಭವಿತ್ತು. ಅವರು ಹಾಗೆ ಮಾಡಲಿಲ್ಲ. ಇಲ್ಲಿಯ ಎತ್ತಿಗೆ ಎಳೆಯಲಾಗುವಂಥ, ಇಲ್ಲಿಯ ಕಮ್ಮಾರನಿಗೆ ರಿಪೇರಿ ಬರುವಂಥ ನೇಗಿಲುಗಳು ಆ ಸಂಸ್ಥೆಯಲ್ಲಿ ರೂಪುಗೊಂಡವು. ಅವುಗಳಿಗೆ 'ವಾಹ್ ವಾಹ್', 'ಶಾಬಾಸ್' ಎಂದು ಹೆಸರು! ಹೆಸರಿಟ್ಟವರ ರಸಿಕತೆಗೆ ನಮ್ಮದೂ ಒಂದು ಶಾಬಾಸ್. ಅಲ್ಲಿಯೇ ೧೯೪೨ ರಲ್ಲಿ ಕೃಷಿ ಇಂಜಿನಿಯರಿಂಗ್ ಪದವಿ ಆರಂಭವಾಯಿತು. ಏಷ್ಯಾ ಖಂಡದಲ್ಲಿಯೇ ಮೊದಲನೆಯದೆಂದು ಅದಕ್ಕೆ ಹೆಸರಿದೆ. ಖರಗಪುರದ ಐ.ಐ.ಟಿ.ಯಲ್ಲಿ ೧೯೫೨ ರಲ್ಲಿ ಈ ವಿಭಾಗ ತೆರೆಯಿತು. ಕರ್ನಾಟಕದಲ್ಲಿ ರಾಯಚೂರಿನ ಕಾಲೇಜು ೧೯೮೭ ರಲ್ಲಿ ಹುಟ್ಟಿತು. ಈಗ ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿಯೂ ಈ ಪದವಿಯುಂಟು.

ಇನ್ನು ಪಾಠಗಳು. ಮೊದಲ ವರ್ಷ ಇತರ ಇಂಜಿನಿಯರಿಂಗಿನಂತೆಯೇ: ಗಣಿತ, ರೇಖಾಚಿತ್ರ, ಕಮ್ಮಟ. ಆಮೇಲೆ ಶಾಸ್ತ್ರ ಕವಲೊಡೆಯುತ್ತದೆ. ಮಣ್ಣು ಮತ್ತು ನೀರಿನ ಸಂರಕ್ಷಣೆ, ನೀರಾವರಿ, ಫಸಲಿನ ಸಂಸ್ಕರಣ, ಸೌರಶಕ್ತಿ ಮೊದಲಾದುವು ಒಂದೊಂದೂ ಒಂದು ಲೇಖನಕ್ಕಾಗುವಷ್ಟಿವೆ. ಅವನ್ನು ಇಲ್ಲಿ ಮುಟ್ಟುವುದಿಲ್ಲ. ಯಂತ್ರದ ಕವಲಿನಲ್ಲಿ ನಮಗೆ ಹಿಡಿಸಿದ ಪಾಠ ಕೂರಿಗೆಯದು. ಮೂರೋ ನಾಲ್ಕೋ ಬಿದಿರಿನ ಕೊಳವೆಗಳ ಮೂಲಕ ಬೀಜವನ್ನು ಸಾಲಾಗಿ ಬಿತ್ತುವ ಕೂರಿಗೆ ನಮ್ಮ ನಾಡಿಗೆ ಹಳೆಯದು. ೧೭೯೦ ರ ದಶಕದಲ್ಲಿ ಹಾಲ್ಕಟ್ ಎಂಬ ಇಂಗ್ಲಿಷ್ ಅಧಿಕಾರಿ ದಕ್ಷಿಣ ಭಾರತದಲ್ಲಿ ಇಂಥ ಕೂರಿಗೆಯನ್ನು ಕಂಡು ಬೆರಗಾಗಿ ತನ್ನ ದೇಶದ ಕೃಷಿ ಮಂಡಲಿಗೆ ಬರೆದು ಕಳಿಸಿದ. ಕೂರಿಗೆಯ ಬಟ್ಟಲಿಗೆ ಬೀಜ ಬಿಡುವ ಹೆಣ್ಣುಮಗಳ ಬೆರಳುಗಳೇ ಅದರ ಅಳತೆಯ ಯಂತ್ರ. ಇಂದಿನ ಬಿತ್ತುವ ಯಂತ್ರದಲ್ಲಿ ಆ ಬೆರಳುಗಳ ಕೆಲಸವನ್ನು ಗಾಲಿಯಿಂದ ತಿರುಗುವ ಹಲ್ಲುಗಳು ಮಾಡುತ್ತವೆ.

ಆ ಹಲ್ಲುಗಳು ಎಷ್ಟು ಬೀಜ ಬಿಡುತ್ತವೆಂದು ಹೊಲಕ್ಕೆ ಇಳಿಯುವ ಮೊದಲೇ ತಿಳಿಯಬೇಕು. ವಿದ್ಯಾರ್ಥಿಗಳು ಯಂತ್ರವನ್ನು ಎತ್ತಿ ನಿಲ್ಲಿಸಿ ಗಾಲಿಯನ್ನು ಕೈಯಿಂದ ತಿರುಗಿಸುತ್ತಾರೆ. ಗಾಲಿಯ ವ್ಯಾಸ ಒಂದು ಮೀಟರು, ೨೨ ಸೆಂಟಿಮೀಟರು ಅಂತರದ ಐದು ಸಾಲು ಎಂದಾದರೆ ಒಂದು ಸುತ್ತಿಗೆ ಸುಮಾರು ಮೂರೂವರೆ ಚದರ ಮೀಟರು ನೆಲ. ಒಂದು ಹೆಕ್ಟೇರಿಗೆ ಸುಮಾರು ೨,೯೦೦ ಸುತ್ತು. ಐವತ್ತು ಸುತ್ತು ತಿರುಗಿಸಿ, ಉದುರಿದ ಬೀಜವನ್ನು ತೂಗಿ, ೫೮ ರಿಂದ ಗುಣಿಸಿದರೆ ಹೆಕ್ಟೇರಿನ ಬೀಜದ ಲೆಕ್ಕ ಸಿಕ್ಕಿತು. ನಾವೂ ನೀವೂ ಮಾಡಬಹುದಾದ ಲೆಕ್ಕ. ಆದರೆ ಇದನ್ನು ಮಾಡದೆ ಬಿತ್ತಿದ ರೈತನಿಗೆ ಒಂದೋ ಬೀಜದ ದುಡ್ಡು ಹಾಳು, ಇಲ್ಲವೇ ಹೊಲ ಬೋಳು.

ಟ್ರ್ಯಾಕ್ಟರಿನ ಪಾಠದಲ್ಲಿ ಹ್ಯಾರಿ ಫರ್ಗುಸನ್ ಎಂಬ ಐರ್ಲೆಂಡಿನವನ ಹೆಸರು ಬರುತ್ತದೆ. ಮೊದಲಿನ ಟ್ರ್ಯಾಕ್ಟರುಗಳು ನೇಗಿಲನ್ನು ಬಂಡಿಯಂತೆ ಹಿಂದೆ ಕಟ್ಟಿಕೊಂಡು ಎಳೆಯುತ್ತಿದ್ದವು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮೂತಿ ಮೇಲಕ್ಕೆದ್ದು ಚಾಲಕನ ಮೇಲೆಯೇ ಮಗುಚಬಹುದಾಗಿತ್ತು. ಫರ್ಗುಸನ್ ನೇಗಿಲನ್ನು ಮೂರು ಕೊಂಡಿಗಳಿಂದ ಟ್ರ್ಯಾಕ್ಟರಿಗೇ ಬಿಗಿದ. ಮಣ್ಣಿನ ಎಳೆತ ಹೆಚ್ಚಿದಾಗ ಮೇಲಿನ ಕೊಂಡಿ ಅದನ್ನು ಗ್ರಹಿಸುತ್ತದೆ, ಎಣ್ಣೆಯ ಒತ್ತಡ ನೇಗಿಲನ್ನು ತುಸು ಎತ್ತುತ್ತದೆ, ಭಾರ ಹಿಂದಿನ ಗಾಲಿಗಳ ಮೇಲೆ ಬಂದು ಹಿಡಿತ ಬಲವಾಗುತ್ತದೆ. ೧೯೩೯ ರಲ್ಲಿ ಫೋರ್ಡ್ ಕಾರಖಾನೆಯಿಂದ ಈ ಏರ್ಪಾಡಿನ ಟ್ರ್ಯಾಕ್ಟರು ಹೊರಬಂತು. ಇಂದು ನಮ್ಮ ಹಳ್ಳಿಗಳಲ್ಲಿ ಓಡಾಡುವ ಟ್ರ್ಯಾಕ್ಟರುಗಳ ಹಿಂಬದಿಯಲ್ಲಿ ಆ ಮೂರು ಕೊಂಡಿಗಳನ್ನು ಕಾಣಬಹುದು. ನಮ್ಮವರೂ ಸುಮ್ಮನೆ ಕುಳಿತಿರಲಿಲ್ಲ. ದುರ್ಗಾಪುರದ ಕೇಂದ್ರೀಯ ಸಂಶೋಧನಾ ಸಂಸ್ಥೆಯಲ್ಲಿ ೧೯೬೦ ರ ದಶಕದಲ್ಲಿ ರೂಪುಗೊಂಡ ಸ್ವರಾಜ್ ಟ್ರ್ಯಾಕ್ಟರು ೧೯೭೪ ರಿಂದ ಪಂಜಾಬಿನಲ್ಲಿ ತಯಾರಾಗತೊಡಗಿತು.

ಆದರೆ ಈ ವಿದ್ಯೆಯ ಅಗತ್ಯ ನಮ್ಮ ಎದೆಗೆ ತಟ್ಟಿದ್ದು ಟ್ರ್ಯಾಕ್ಟರಿನಿಂದಲ್ಲ, ರಾಶಿ ಮಾಡುವ ಯಂತ್ರದಿಂದ. ನಮ್ಮ ಊರಿನಲ್ಲಿ, ಸಂಬಂಧದಲ್ಲಿ ನಮಗೆ ಕಾಕಾ ಆಗಬೇಕಾದವರೊಬ್ಬರು, ಜೋಳದ ರಾಶಿಯ ದಿನ ಯಂತ್ರಕ್ಕೆ ಬಲಗೈಯ ಮೂರು ಬೆರಳು ಕೊಟ್ಟರು. ರಾತ್ರಿ ಹನ್ನೊಂದರ ಹೊತ್ತು, ಬಾಡಿಗೆಯ ಯಂತ್ರ, ಬೆಳಗಾಗುವುದರೊಳಗೆ ಮುಂದಿನ ಹೊಲಕ್ಕೆ ಹೋಗಬೇಕೆಂಬ ಅವಸರ. ಊರಿನವರು ಅದನ್ನು ಅವರ ಹಣೆಬರಹವೆಂದರು. ಕುಡಿದಿದ್ದರೆಂದೂ ಕೆಲವರು ಆಡಿಕೊಂಡರು; ಅವರು ಜನ್ಮದಲ್ಲಿ ಕುಡಿದವರಲ್ಲ.

ಹುಡುಗಿಯ ಪುಸ್ತಕದಲ್ಲಿ ಆ ಹಣೆಬರಹದ ಅಳತೆ ನಮಗೆ ಸಿಕ್ಕಿತು. ತೆನೆ ಉಣಿಸುವ ತಗಡಿನ ದೋಣಿ ಕನಿಷ್ಠ ೯೦ ಸೆಂಟಿಮೀಟರು ಉದ್ದವಿರಬೇಕು, ಯಂತ್ರದ ಬಾಯಿಯ ಕಡೆಯ ೪೫ ಸೆಂಟಿಮೀಟರು ಮೇಲೆ ಮುಚ್ಚಿರಬೇಕು ಎಂದು ಭಾರತೀಯ ಮಾನಕವಿದೆ. ಕಾರಣ ಇಷ್ಟೇ: ದೋಣಿಯ ಹೊರಗೆ ನಿಂತವನ ತೋಳು ತಿರುಗುವ ಹಲ್ಲುಗಳ ತನಕ ಮುಟ್ಟಬಾರದು. ನಾವು ಊರಿಗೆ ಹೋದಾಗ ಅಳೆದು ನೋಡಿದ ಯಂತ್ರದ ದೋಣಿ ಒಂದೂವರೆ ಗೇಣು ಇತ್ತು, ಮುಚ್ಚಳವೇ ಇರಲಿಲ್ಲ. ತಗಡು ಉಳಿಸಿದರೆ ಯಂತ್ರ ಅಗ್ಗವಾಗುತ್ತದೆ, ಉಣಿಸುವ ಕೆಲಸವೂ ಬೇಗ ಸಾಗುತ್ತದೆ. ಹಸಿರು ಕ್ರಾಂತಿಯ ಬೆನ್ನಿಗೆ ಉತ್ತರದ ರಾಜ್ಯಗಳಲ್ಲಿ ಈ ಯಂತ್ರಗಳಿಂದ ಕೈ ಕಳೆದುಕೊಂಡವರು ಹೆಚ್ಚಿದ್ದರಿಂದಲೇ ಸರಕಾರ ೧೯೮೩ ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯಿದೆಯನ್ನು ಮಾಡಿತು. ಕಾಯಿದೆ ಕಡತದಲ್ಲಿರುತ್ತದೆ. ಕಡತದ ಸಂಗತಿ ನಮಗೆ ಚೆನ್ನಾಗಿ ಗೊತ್ತು. ಊರ ಕಾರಖಾನೆಯವನ ಬಳಿ ನಿಂತು "ಈ ದೋಣಿ ಇನ್ನೆರಡು ಗೇಣು ಬೇಕು, ಅದರಿಂದ ನಿನ್ನ ಯಂತ್ರದ ಕೆಲಸವೇನೂ ತಗ್ಗದಂತೆ ನಾನು ಮಾಡಿಕೊಡುತ್ತೇನೆ" ಎಂದು ಹೇಳಬಲ್ಲ ಕಲಿತ ಮನುಷ್ಯ ತಾಲೂಕಿಗೊಬ್ಬನಾದರೂ ಬೇಕಲ್ಲವೇ?

ಹೆಣ್ಣುಮಕ್ಕಳಿಗೆ ಇದೇನು ಓದೆಂದು ಕೇಳುವವರಿಗೂ ಒಂದು ಮಾತು. ಕಳೆ ತೆಗೆಯುವವರು, ನಾಟಿ ಮಾಡುವವರು ಹೆಚ್ಚಾಗಿ ಹೆಂಗಸರೇ. ಸಲಕರಣೆಗಳ ಹಿಡಿಗಳು ಮಾತ್ರ ಬಹುಕಾಲ ಗಂಡಸಿನ ಎತ್ತರಕ್ಕೆ ತಯಾರಾದುವು. ನೂಕಿಕೊಂಡು ಹೋಗುವ ಸೈಕಲ್ ಕುಂಟೆಯ ಹಿಡಿ ನಾಲ್ಕು ಬೆರಳು ಎತ್ತರವಾದರೆ ಸಂಜೆಗೆ ಹೆಗಲು ಬೀಳುತ್ತದೆ. ಭಾರತೀಯ ಕೃಷಿ ಸಂಶೋಧನಾ ಪರಿಷತ್ತಿನ ಯೋಜನೆಯೊಂದು ಹಲವು ರಾಜ್ಯಗಳ ಕೃಷಿ ಕೆಲಸಗಾರರ, ಹೆಂಗಸರದೂ ಸೇರಿ, ಮೈಯಳತೆಗಳನ್ನು ತೆಗೆದು ಸಲಕರಣೆಗಳನ್ನು ಹೊಂದಿಸತೊಡಗಿದೆ. ಭುವನೇಶ್ವರದಲ್ಲಿ ಕೃಷಿಕ ಮಹಿಳೆಯರಿಗಾಗಿಯೇ ೧೯೯೬ ರಲ್ಲಿ ಒಂದು ಸಂಶೋಧನಾ ಕೇಂದ್ರ ಹುಟ್ಟಿತು. ಈ ಕೆಲಸಕ್ಕೆ ಹುಡುಗಿಯರಿಗಿಂತ ತಕ್ಕವರಾರು?

ಹೊಟ್ಟೆಪಾಡಿನ ಪ್ರಶ್ನೆಯನ್ನು ಮರೆಮಾಚುವುದು ಸರಿಯಲ್ಲ. ಕಂಪ್ಯೂಟರ್ ಕಲಿತವರ ಆರಂಭದ ಸಂಬಳ ಇಲ್ಲಿ ಎಲ್ಲರಿಗೂ ಸಿಕ್ಕುವುದಿಲ್ಲ. ಟ್ರ್ಯಾಕ್ಟರು, ಪಂಪು, ಹನಿ ನೀರಾವರಿಯ ಕಂಪನಿಗಳು, ಜಲಾನಯನ ಯೋಜನೆಗಳು, ಬ್ಯಾಂಕುಗಳು, ಸಂಶೋಧನಾ ಸಂಸ್ಥೆಗಳು ಇವರನ್ನು ತೆಗೆದುಕೊಳ್ಳುತ್ತವೆ. ಮೇಲಿನ ಓದಿಗೆ ಗೇಟ್ ಪರೀಕ್ಷೆಯಲ್ಲಿ ಪ್ರತ್ಯೇಕ ಪತ್ರಿಕೆಯುಂಟು. ತಮಿಳುನಾಡಿನಲ್ಲಿ ಕೃಷಿ ಇಂಜಿನಿಯರಿಂಗಿಗೆ ಬೇರೆಯೇ ಸರಕಾರಿ ಇಲಾಖೆಯಿದೆ; ನಮ್ಮ ಕರ್ನಾಟಕದಲ್ಲಿ ಕೃಷಿ ಇಲಾಖೆಯ ಹುದ್ದೆಗಳಲ್ಲಿ ಈ ಪದವೀಧರರ ಪಾಲೆಷ್ಟೆಂಬುದೇ ವಾದದ ವಿಷಯವಾಗಿತ್ತು. ಆದರೆ ೨೦೧೫-೧೬ ರ ಕೃಷಿ ಗಣತಿಯಂತೆ ನಮ್ಮ ದೇಶದ ಹಿಡುವಳಿಯ ಸರಾಸರಿ ೧.೦೮ ಹೆಕ್ಟೇರು; ನೂರರಲ್ಲಿ ೮೬ ಹಿಡುವಳಿಗಳು ಎರಡು ಹೆಕ್ಟೇರಿಗೂ ಕಡಿಮೆ. ಇಷ್ಟು ಸಣ್ಣ ಹೊಲಕ್ಕೆ ಸ್ವಂತ ಯಂತ್ರ ತರುವುದು ಮದುವೆಯ ಸಾಲಕ್ಕಿಂತ ಕೆಟ್ಟ ಸಾಲ. ಅದಕ್ಕೆಂದೇ ಕರ್ನಾಟಕ ಸರಕಾರ ೨೦೧೪-೧೫ ರಲ್ಲಿ 'ಕೃಷಿ ಯಂತ್ರಧಾರೆ' ಎಂಬ ಬಾಡಿಗೆ ಕೇಂದ್ರಗಳನ್ನು ಆರಂಭಿಸಿತು. ಇಂಥ ಕೇಂದ್ರಗಳನ್ನು ನಡೆಸುವವರೂ ಸಣ್ಣ ಯಂತ್ರಗಳನ್ನು ರೂಪಿಸುವವರೂ ಮುಂದೆ ಬಹಳ ಜನ ಬೇಕಾಗುತ್ತಾರೆಂದು ನಮ್ಮ ಎಣಿಕೆ.

ಕಡೆಗೆ ಪ್ರವೇಶದ ವಿಷಯ. ಹನ್ನೆರಡನೆಯದರಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳಿರಬೇಕು. ಖರಗಪುರಕ್ಕೆ ಐ.ಐ.ಟಿ.ಗಳ ಪರೀಕ್ಷೆಯೇ ದಾರಿ. ಮಹಾರಾಷ್ಟ್ರದವರಿಗೆ ರಾಹುರಿ, ತಮಿಳುನಾಡಿನವರಿಗೆ ಕೊಯಮತ್ತೂರು, ಆಂಧ್ರದವರಿಗೆ ಬಾಪಟ್ಲ ಹತ್ತಿರ. ಅವಕ್ಕೆ ಆಯಾ ರಾಜ್ಯದ ಪ್ರವೇಶ ಕ್ರಮ. ಮಗುವನ್ನು ಕನ್ನಡನಾಡಿಗೇ ಕಳಿಸಬೇಕೆನ್ನುವವರು ಗಮನಿಸತಕ್ಕದ್ದು ಇದು: ರಾಜ್ಯ ಕೃಷಿ ವಿಶ್ವವಿದ್ಯಾನಿಲಯಗಳ ಒಂದು ಪಾಲು ಸ್ಥಾನಗಳನ್ನು ಕೃಷಿ ಸಂಶೋಧನಾ ಪರಿಷತ್ತು ಅಖಿಲ ಭಾರತ ಮಟ್ಟದಲ್ಲಿ ತುಂಬುತ್ತದೆ. ೨೦೨೩ ರಿಂದ ಇದಕ್ಕೆ ಕೇಂದ್ರೀಯ ವಿಶ್ವವಿದ್ಯಾನಿಲಯಗಳ ಸಾಮಾನ್ಯ ಪರೀಕ್ಷೆಯ ಅಂಕಗಳನ್ನೇ ಹಿಡಿಯುತ್ತಾರೆ. ಈ ದಾರಿಯಿಂದ ತನ್ನ ರಾಜ್ಯ ಬಿಟ್ಟು ಬೇರೆ ರಾಜ್ಯದಲ್ಲಿ ಓದುವವರಿಗೆ ಪರಿಷತ್ತಿನ ವಿದ್ಯಾರ್ಥಿವೇತನವೂ ಉಂಟು. ಮುಂಬಯಿ, ಪುಣೆಗಳಲ್ಲಿ ಬೆಳೆದ ಮಗು ರಾಯಚೂರಿಗೆ ಹೋಗುವುದಾದರೆ ಒಂದು ಒಳ್ಳೆಯ ಛತ್ರಿ, ದೊಡ್ಡ ನೀರಿನ ಬಾಟಲಿ ಜೊತೆಗಿರಲಿ. ಅಲ್ಲಿಯ ಏಪ್ರಿಲ್ ತಿಂಗಳ ಬಿಸಿಲು ಪುಸ್ತಕದಲ್ಲಿಲ್ಲ.