ಅರಗಿನಲ್ಲಿ ನೆಲೆನಿಂತ ಕಂಠ

1902ನೆಯ ಇಸವಿಯ ಏಪ್ರಿಲ್‌ನಲ್ಲಿ ಮಿಲಾನ್ ನಗರದ ಹೋಟೆಲೊಂದರಲ್ಲಿ ಎನ್ರಿಕೊ ಕರೂಸೊ ಎಂಬ ತರುಣನಿಂದ 100 ಪೌಂಡು ಸಂಭಾವನೆಗೆ 10 ಗೀತೆಗಳನ್ನು ಹಾಡಿಸಿ ಮುದ್ರಿಸಿಕೊಂಡ ಗ್ರಾಮಫೋನ್ ಕಂಪನಿಯ ಧ್ವನಿಮುದ್ರಕ ಫ್ರೆಡ್ ಗೈಸ್‌ಬರ್ಗನೇ, ಅದೇ ವರ್ಷದ ನವೆಂಬರಿನಲ್ಲಿ ಕಲ್ಕತ್ತೆಗೆ ಬಂದು ಗಾಯಕಿ ಗೌಹರ್ ಜಾನ್ ಅವರ ಗಾಯನವನ್ನೂ ಮುದ್ರಿಸಿದನೆಂಬುದು ಸಂಗೀತಾಭಿಮಾನಿಗಳೆಲ್ಲರೂ ನೆನೆಯತಕ್ಕ ಸಂಗತಿ.

ನೇಪಲ್ಸಿನಲ್ಲಿ 1873ರಲ್ಲಿ ಜನಿಸಿದ ಕರೂಸೊ ‘ಟೆನರ್’, ಎಂದರೆ ಪಾಶ್ಚಾತ್ಯ ಗೀತನಾಟಕಗಳಲ್ಲಿ ಸಾಮಾನ್ಯವಾಗಿ ನಾಯಕನ ಪಾತ್ರಕ್ಕೆ ಮೀಸಲಾದ ಏರುಶ್ರುತಿಯ ಪುರುಷಕಂಠದವನು. ವಿದ್ಯುತ್ತಿನ ಮೈಕು ಇನ್ನೂ ಬಾರದಿದ್ದ ಆ ಕಾಲದಲ್ಲಿ ಗಾಯಕನು ತಗಡಿನ ತುತ್ತೂರಿಯ ಬಾಯಿಗೆ ಮುಖವೊಡ್ಡಿ ಹಾಡಿದರೆ, ಧ್ವನಿಯ ಬಲವೊಂದರಿಂದಲೇ ಸೂಜಿಯು ಕಂಪಿಸಿ ಮೇಣದ ಮೇಲೆ ಗೆರೆ ಕೊರೆಯಬೇಕಾಗಿತ್ತು. ಪಿಟೀಲಿನ ನಾದವೂ ಸೊರಗುತ್ತಿದ್ದ ಆ ಯಂತ್ರಕ್ಕೆ ಕರೂಸೊವಿನ ತುಂಬುಕಂಠವು ಹೇಳಿ ಮಾಡಿಸಿದಂತಿತ್ತು. 1903ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ರಂಗವನ್ನೇರಿದ ಆತನು 1921ರಲ್ಲಿ ತೀರಿಕೊಳ್ಳುವವರೆಗೂ ರೆಕಾರ್ಡುಗಳಿಂದಲೇ ಲೋಕದ ಮನೆಮಾತಾಗಿದ್ದನು.

ಮೊದಮೊದಲು ನಮ್ಮ ಗಾಯಕರ ರೆಕಾರ್ಡು ತಟ್ಟೆಗಳು ಜರ್ಮನಿಯ ಹ್ಯಾನೋವರಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಮರಳಿ ಬರುತ್ತಿದ್ದವು. ಆ ಪರಾಧೀನತೆ ನೀಗಿದುದು 1908ರಲ್ಲಿ, ಗ್ರಾಮಫೋನ್ ಕಂಪನಿಯು ಕಲ್ಕತ್ತೆಯ ಸಿಯಾಲ್ದಾದಲ್ಲಿ ಕಾರ್ಖಾನೆ ತೆರೆದಾಗ. ಅಲ್ಲಿ ಅರಗು, ಕಲ್ಲಿನ ಹುಡಿ, ಹತ್ತಿಯ ನಾರು, ಕಾಡಿಗೆಗಳನ್ನು ಬೆರೆಸಿ ಕಾಯಿಸಿದ ಕಣಕವನ್ನು ಎರಡು ಲೋಹದಚ್ಚುಗಳ ನಡುವೆ ಒತ್ತಿ ತಣಿಸುತ್ತಿದ್ದರು. ಕರೂಸೊವಿನ ತಟ್ಟೆಗಳಿಗೂ ಬೇಕಾಗುತ್ತಿದ್ದ ಅಂಥ ಅರಗಿನ ಬಹುಭಾಗವು ಭಾರತದ ಕಾಡುಗಳದೇ ಎಂಬುದನ್ನು ಕರೂಸೊವಿನ ಕೀರ್ತಿಯನ್ನು ಬರೆಯುವವರು ಮರೆಯಲಾಗದು.

ಕಲ್ಕತ್ತೆಯಲ್ಲಿ ಅಂದು ಹಾಡಿದ್ದ ಗೌಹರ್ ಜಾನ್ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು, 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ನಿಧನರಾದರು.