ಗೊಂಬೆಯಾಟ ಕಲಿಸುವ ಪಾಠ

ದೀಪಾವಳಿಯ ಅನಂತರ ಗೆಜ್ಜೆ ಕಟ್ಟಿದ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವ ತನಕ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಗಳಲ್ಲಿ ಆಟಕ್ಕೆ ಬರವಿಲ್ಲ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಹಿರಿಯರು ರಾಮಾಯಣ, ಭಾರತಗಳನ್ನು ಅರಿತದ್ದು ರಂಗಸ್ಥಳದ ಮುಂದೆ ಕುಳಿತೇ. ಹಾಗಾದರೆ ಇದೇ ರಂಗಸ್ಥಳ ಇಂದಿನ ಶಾಲೆಯ ಮಕ್ಕಳಿಗೆ ಇನ್ನೊಂದು ಪಾಠವನ್ನೂ ಕಲಿಸಲಾರದೇ? ತಮ್ಮ ಪಕ್ಕದ ಬೆಂಚಿನಲ್ಲಿರುವ, ತಮ್ಮ ಹಾಗೆ ಮಾತಾಡದ, ತಮ್ಮ ಹಾಗೆ ಆಡದ ಸಹಪಾಠಿಯನ್ನು ಅರಿತು ಜೊತೆಗೆ ಸೇರಿಸಿಕೊಳ್ಳುವ ಪಾಠವದು. ಬೇರೆ ದೇಶಗಳಲ್ಲಿ ಗೊಂಬೆಯಾಟದವರು ಇದನ್ನು ಮಾಡಿ ತೋರಿಸಿದ್ದಾರೆ. ಆ ವಿಷಯವನ್ನು ಸದಸ್ಯ ಬಾಂಧವರ ಮುಂದಿಡುವುದೇ ಈ ಲೇಖನದ ಉದ್ದೇಶ.

ಆಟಿಸಂ ಎಂದರೇನು?

ಆಟಿಸಂ, ಅಥವಾ ಸ್ವಲೀನತೆ, ಎಂಬುದು ಅಂಟುವ ರೋಗವಲ್ಲ, ಹುಚ್ಚೂ ಅಲ್ಲ. ಅದು ಮಿದುಳಿನ ಬೆಳವಣಿಗೆಯಲ್ಲಿಯೇ ಇರುವ ಒಂದು ವ್ಯತ್ಯಾಸ. ೧೯೪೩ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಡಾ| ಲಿಯೋ ಕ್ಯಾನರ್ ಎಂಬ ವೈದ್ಯರು ಹನ್ನೊಂದು ಮಕ್ಕಳ ವಿವರ ಕೊಟ್ಟು ಇದನ್ನು ಗುರುತಿಸಿದರು. ಇಂಥ ಮಗು ಹೆಸರು ಹಿಡಿದು ಕರೆದರೂ ತಿರುಗಿ ನೋಡದೆ ಇರಬಹುದು. ಮಾತು ತಡವಾಗಬಹುದು, ಕೆಲವರಿಗೆ ಬಾರದೆಯೂ ಇರಬಹುದು. ಕೈ ಬಡಿಯುವುದು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು, ದಿನದ ಕ್ರಮ ತಪ್ಪಿದರೆ ತಳಮಳಗೊಳ್ಳುವುದು ಉಂಟು. ಮಿಕ್ಸಿಯ ಸದ್ದು, ಗರ್ನಾಲಿನ ಸದ್ದು ಅದರ ಕಿವಿಗೆ ಸಹಿಸಲಾರದಷ್ಟು ದೊಡ್ಡದಾಗಿ ಕೇಳಿಸಬಹುದು. ಕೆಲವರಿಗೆ ಬುದ್ಧಿಯ ಬೆಳವಣಿಗೆಯೂ ಕಡಿಮೆ. ಇನ್ನು ಕೆಲವರು ಓದಿನಲ್ಲಿ ಮುಂದೆ. ಒಬ್ಬರಂತೆ ಇನ್ನೊಬ್ಬರಿಲ್ಲ.

೨೦೨೧ರ ಅಂದಾಜಿನ ಮೇರೆಗೆ ಜಗತ್ತಿನಲ್ಲಿ ಸುಮಾರು ೧೨೭ ಜನರಲ್ಲಿ ಒಬ್ಬರಿಗೆ ಆಟಿಸಂ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಂದರೆ ಇನ್ನೂರೈವತ್ತು ಮಕ್ಕಳ ಒಂದು ಶಾಲೆಯಲ್ಲಿ ಒಬ್ಬಿಬ್ಬರು ಇದ್ದಾರು. ನಮ್ಮಲ್ಲಿ ಅವರನ್ನು 'ಮರ್ಲ', 'ಪೊಟ್ಟ' ಎಂದು ಕರೆದು ಮುಗಿಸುವುದೇ ಹೆಚ್ಚು.

ತಾಯಿಯ ಅಕ್ಕರೆ ಸಾಲದೆ ಹೀಗಾಗುತ್ತದೆ ಎಂದು ಹಿಂದೆ ವೈದ್ಯರೇ ಹೇಳಿದ್ದುಂಟು. ಆ ಮಾತು ಸುಳ್ಳೆಂದು ಎಂದೋ ತೀರ್ಮಾನವಾಗಿದೆ. ಲಸಿಕೆಯಿಂದ ಬರುತ್ತದೆಂದು ೧೯೯೮ರಲ್ಲಿ ಪ್ರಕಟವಾದ ಲೇಖನವನ್ನು ಆ ಪತ್ರಿಕೆಯೇ ೨೦೧೦ರಲ್ಲಿ ಹಿಂದಕ್ಕೆ ಪಡೆಯಿತು. ಕೊಕ್ಕಡದ ಕಡೆ ಗೇರು ತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದುದರ ನೋವನ್ನು ಕಂಡ ನಮ್ಮವರು ಇಂಥ ಮಗುವನ್ನು ನೋಡಿದೊಡನೆ ಅದನ್ನೇ ನೆನೆಯುವುದು ಸಹಜ. ಆದರೆ ಅಂಥ ಸಿಂಪಡಣೆ ನಡೆಯದ ಊರುಗಳಲ್ಲಿಯೂ ಆಟಿಸಂ ಇದೆ. ಆದುದರಿಂದ ಯಾರ ಶಾಪ, ಯಾರ ತಪ್ಪು ಎಂದು ಹುಡುಕುತ್ತ ಹೋಗುವುದರಿಂದ ಮಗುವಿಗೆ ಏನೂ ಪ್ರಯೋಜನವಿಲ್ಲ.

ಗೊಂಬೆಯನ್ನು ಕೇಳಬಹುದು

ಅಮೆರಿಕದಲ್ಲಿ ೧೯೭೫ರ ಕಾನೂನಿನಿಂದಾಗಿ ಅಂಗವಿಕಲ ಮಕ್ಕಳು ಸಾಮಾನ್ಯ ಶಾಲೆಗಳಿಗೆ ಬರುವಂತಾಯಿತು. ಬಾಗಿಲು ತೆರೆಯಿತು, ಆದರೆ ಒಳಗಿದ್ದ ಮಕ್ಕಳಿಗೆ ಹೊಸಬರ ಪರಿಚಯ ಇರಲಿಲ್ಲ. ಗೇಲಿ, ಹೆದರಿಕೆ ಎರಡೂ ಇದ್ದವು. ಇದನ್ನು ಕಂಡ ಬಾರ್ಬರಾ ಐಯೆಲ್ಲೋ ಎಂಬ ಶಿಕ್ಷಕಿ ೧೯೭೭ರಲ್ಲಿ 'ಕಿಡ್ಸ್ ಆನ್ ದ ಬ್ಲಾಕ್' ಎಂಬ ಗೊಂಬೆಯ ತಂಡವನ್ನು ಕಟ್ಟಿದರು. ಜಪಾನಿನ ಬುನ್ರಾಕು ಪದ್ಧತಿಯಂತೆ ಮಗುವಿನಷ್ಟೇ ದೊಡ್ಡ ಗೊಂಬೆ; ಆಡಿಸುವವರು ಕಪ್ಪು ಉಡುಪಿನಲ್ಲಿ ಹಿಂದೆಯೇ ನಿಲ್ಲುತ್ತಾರೆ. ಮೊದಲನೆಯ ಗೊಂಬೆ ಗಾಲಿಕುರ್ಚಿಯಲ್ಲಿ ಕುಳಿತ ಒಬ್ಬ ಹುಡುಗ.

ಆಟ ಮುಗಿದ ಮೇಲೆ ಮಕ್ಕಳು ಗೊಂಬೆಗೇ ಪ್ರಶ್ನೆ ಹಾಕುತ್ತಾರೆ. ಇದರಲ್ಲಿಯೇ ಈ ಕ್ರಮದ ಗುಣವಿರುವುದು. ಸಹಪಾಠಿಯ ಮುಖ ನೋಡಿ ಕೇಳಲು ಸಂಕೋಚವಾಗುವುದನ್ನು ಗೊಂಬೆಯೊಡನೆ ಧಾರಾಳವಾಗಿ ಕೇಳಬಹುದು. ಸಹಪಾಠಿಯನ್ನು ಎಲ್ಲರೆದುರು ನಿಲ್ಲಿಸಿ ತೋರಿಸಬೇಕಾಗಿಯೂ ಇಲ್ಲ. ನೋಟವನ್ನೂ ಪ್ರಶ್ನೆಯನ್ನೂ ಗೊಂಬೆಯೇ ಹೊರುತ್ತದೆ.

ತಾಯಿಯೇ ಸೂತ್ರಧಾರಿ

ಅದೇ ದೇಶದ 'ಸೆಸಮೀ ಸ್ಟ್ರೀಟ್' ಎಂಬ ಮಕ್ಕಳ ಟೆಲಿವಿಷನ್ ಕಾರ್ಯಕ್ರಮದಲ್ಲಿ ೨೦೧೭ರ ಎಪ್ರಿಲ್ ತಿಂಗಳಲ್ಲಿ ಜೂಲಿಯಾ ಎಂಬ ಗೊಂಬೆ ಬಂತು. ಜೂಲಿಯಾಳಿಗೆ ಆಟಿಸಂ. ಅವಳನ್ನು ಆಡಿಸುವ ಸ್ಟೇಸಿ ಗಾರ್ಡನ್ ಅವರ ಮಗನಿಗೂ ಆಟಿಸಂ. ತನ್ನ ಮಗ ಚಿಕ್ಕವನಾಗಿದ್ದಾಗ ಅವನ ಸಹಪಾಠಿಗಳು ಇಂಥದೊಂದನ್ನು ನೋಡಿದ್ದರೆ ಅವನ ರಂಪಕ್ಕೆ ಹೆದರುತ್ತಿರಲಿಲ್ಲ ಎಂಬರ್ಥದ ಮಾತನ್ನು ಅವರು ಹೇಳಿಕೊಂಡಿದ್ದಾರೆ.

ಮೊದಲ ಕಥೆ ಸರಳ. ಜೂಲಿಯಾ ಬಣ್ಣ ಬಳಿಯುತ್ತಿರುತ್ತಾಳೆ. ದೊಡ್ಡ ಹಕ್ಕಿಯ ಗೊಂಬೆ ಬಂದು ಮಾತಾಡಿಸಿದರೆ ಉತ್ತರವಿಲ್ಲ. ತನ್ನನ್ನು ಕಂಡರೆ ಅವಳಿಗಾಗದು ಎಂದು ಹಕ್ಕಿ ಬೇಸರಪಡುತ್ತದೆ. ಹಾಗಲ್ಲ, ಅವಳು ಉತ್ತರಿಸುವ ರೀತಿ ಬೇರೆ, ಸ್ವಲ್ಪ ಸಮಯ ಬೇಕು ಎಂದು ಉಳಿದವರು ತಿಳಿಸುತ್ತಾರೆ. ಮುಂದೆ ಮುಟ್ಟಾಟ ಆಡುವಾಗ ಜೂಲಿಯಾ ಖುಷಿಯಿಂದ ಕುಪ್ಪಳಿಸುತ್ತಾಳೆ. ಉಳಿದವರು ಅವಳನ್ನು ತಡೆಯುವುದಿಲ್ಲ, ತಾವೂ ಕುಪ್ಪಳಿಸುತ್ತಾರೆ. ಹೀಗೆ ಒಂದು ಹೊಸ ಆಟವೇ ಹುಟ್ಟುತ್ತದೆ. ೨೦೧೯ರಲ್ಲಿ ಜೂಲಿಯಾಳ ತಂದೆ, ತಾಯಿ, ಅಣ್ಣ, ಮನೆಯ ನಾಯಿ ಎಲ್ಲರೂ ಗೊಂಬೆಗಳಾಗಿ ಬಂದರು. ಮಗುವನ್ನು ಮಾತ್ರವಲ್ಲ, ಆ ಮಗು ಇರುವ ಮನೆಯನ್ನೂ ಮಕ್ಕಳು ಕಂಡರು.

ನಮ್ಮಲ್ಲಿ ಏನಿದೆ?

ಇದಕ್ಕೆ ಬೇಕಾದ ಸಾಮಗ್ರಿ ನಮ್ಮ ಜಿಲ್ಲೆಗಳಲ್ಲಿ ಹೊಸತಲ್ಲ. ಕುಂದಾಪುರದ ಬಳಿಯ ಉಪ್ಪಿನಕುದ್ರುವಿನಲ್ಲಿ ಕೊಗ್ಗ ದೇವಣ್ಣ ಕಾಮತರ ಮನೆತನ ತಲೆಮಾರುಗಳಿಂದ ಯಕ್ಷಗಾನ ಗೊಂಬೆಯಾಟವನ್ನು ಉಳಿಸಿಕೊಂಡು ಬಂದಿದೆ. ಬಂಟ್ವಾಳ ತಾಲೂಕಿನ ಕಲ್ಲಡ್ಕದ ಗೊಂಬೆಗಳನ್ನು ಮೆರವಣಿಗೆಯಲ್ಲಿ ಕಾಣದ ಮಕ್ಕಳಿಲ್ಲ. ಬೆಳ್ತಂಗಡಿ ತಾಲೂಕಿನಲ್ಲಿ ಧರ್ಮಸ್ಥಳ ಮೇಳವಿದೆ. ಶಾಲೆಗಳಲ್ಲಿ ಯಕ್ಷಗಾನ ಕಲಿಯುವ ಮಕ್ಕಳಿದ್ದಾರೆ. ಅಪ್ಪ ಮದ್ದಳೆಗೆ ಕುಳಿತರೆ ಮಗ ವೇಷ ಕಟ್ಟುವ ಮನೆಗಳು ನಮ್ಮ ಸದಸ್ಯರಲ್ಲಿಯೇ ಬೇಕಾದಷ್ಟಿವೆ.

ಇಂಥ ಒಂದು ಮನೆಯವರು ಶಾಲೆಯ ಜಗಲಿಯಲ್ಲಿ ಅರ್ಧ ಗಂಟೆಯ ಗೊಂಬೆಯಾಟವನ್ನೋ ತಾಳಮದ್ದಳೆಯನ್ನೋ ನಡೆಸಿದರೆ ಸಾಕು. ಕಥೆಯೂ ದೂರವಿಲ್ಲ. ಮೈಯ ಡೊಂಕನ್ನು ನೋಡಿ ಜನಕನ ಸಭೆಯವರು ನಕ್ಕಾಗ ಅವರನ್ನು ನಾಚಿಸಿದ ಅಷ್ಟಾವಕ್ರನ ಕಥೆಯನ್ನು ಎಲ್ಲರೂ ಬಲ್ಲರು. ಆದರೆ ಎರಡು ಎಚ್ಚರಿಕೆ ಬೇಕು. ತೊದಲು ಮಾತನ್ನು, ಕಿವುಡನ್ನು ಹಾಸ್ಯಕ್ಕೆ ಬಳಸುವ ರೂಢಿಯನ್ನು ಇಲ್ಲಿ ಬಿಡಬೇಕು. ಅಲ್ಲದೆ ಚೆಂಡೆಯ ಸದ್ದು ಕೆಲವು ಮಕ್ಕಳಿಗೆ ಹಿಂಸೆ. ಮದ್ದಳೆ ಮಾತ್ರ ಇರಲಿ, ಅಂಥವರಿಗೆ ಬಾಗಿಲ ಬಳಿ ಜಾಗವಿರಲಿ, ಎದ್ದು ಹೋದರೆ ಯಾರೂ ತಡೆಯದಿರಲಿ.

ಆಟದ ಕೊನೆಗೆ ಮಕ್ಕಳಿಗೆ ನಾಲ್ಕು ಮಾತು ನೆನಪುಳಿದರೆ ಶ್ರಮ ಸಾರ್ಥಕ:

೧. ಕರೆದಾಗ ಉತ್ತರ ಬಾರದಿದ್ದರೆ ಕಾಯಬೇಕು, ಕೂಗಬಾರದು.
೨. ಹೇಳದೆ ಮೈ ಮುಟ್ಟಬಾರದು, ಎಳೆಯಬಾರದು.
೩. ಕೈ ಬಡಿದರೆ, ಕುಪ್ಪಳಿಸಿದರೆ ಅಣಕಿಸಬಾರದು.
೪. ಆಟಕ್ಕೆ ಕರೆಯಬೇಕು, ಇಂದು ಬಾರದಿದ್ದರೆ ನಾಳೆಯೂ ಕರೆಯಬೇಕು.

ತೋಟವೂ ಮಗುವೂ

ಶಾಲೆಯಲ್ಲಿ ಗೆಳೆಯರಿಲ್ಲದೆ ಅರ್ಧದಲ್ಲಿ ಬಿಟ್ಟ ಮಗು ಮನೆಯ ಒಳಕೋಣೆಗೆ ಸೇರುತ್ತದೆ. ಅದು ಬೆಳೆದು ದೊಡ್ಡದಾದಾಗ ತಂದೆ ತಾಯಿಗೆ ಪ್ರಾಯವಾಗಿರುತ್ತದೆ. 'ನಮ್ಮ ಕಾಲಾನಂತರ ಇವನಿಗೆ ಯಾರು? ಎರಡೆಕ್ರೆ ಅಡಿಕೆ ತೋಟದಲ್ಲಿ ಇವನ ಪಾಲನ್ನು ನೋಡಿಕೊಳ್ಳುವವರು ಯಾರು?' ಎಂಬ ಚಿಂತೆ ಸಣ್ಣ ಬೆಳೆಗಾರನನ್ನು ಕೊಳೆರೋಗಕ್ಕಿಂತಲೂ ಹೆಚ್ಚು ಕಾಡುತ್ತದೆ. ಬಾಲ್ಯದಲ್ಲಿ ಜೊತೆ ಆಡಿದವರೇ ಮುಂದೆ ನೆರೆಕರೆಯವರು, ಪಂಚಾಯತು ಸದಸ್ಯರು, ಸಂಘದ ನಿರ್ದೇಶಕರು ಆಗುವವರು. ಶಾಲೆಯಲ್ಲಿ ಕಲಿತ ಗೆಳೆತನದ ಬೆಲೆ ತಿಳಿಯುವುದು ಆಗ.

ಕಾನೂನಿನ ಆಸರೆಯೂ ಇದೆ. ಅಂಗವಿಕಲರ ಹಕ್ಕುಗಳ ೨೦೧೬ರ ಕಾಯ್ದೆಯ ೨೧ ಬಗೆಯ ವೈಕಲ್ಯಗಳಲ್ಲಿ ಆಟಿಸಂ ಸೇರಿದೆ. ಶೇಕಡಾ ೪೦ ಅಥವಾ ಹೆಚ್ಚು ವೈಕಲ್ಯವಿರುವ ೬ರಿಂದ ೧೮ ವರ್ಷದ ಮಗುವಿಗೆ ಸಮೀಪದ ಶಾಲೆಯಲ್ಲಿಯೋ, ಬಯಸಿದರೆ ವಿಶೇಷ ಶಾಲೆಯಲ್ಲಿಯೋ ಉಚಿತ ಶಿಕ್ಷಣದ ಹಕ್ಕಿದೆ. ೧೯೯೯ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ, ಹದಿನೆಂಟು ತುಂಬಿದ ಮೇಲೆ ಅಗತ್ಯವಿದ್ದವರಿಗೆ ಕಾನೂನುಬದ್ಧ ಪೋಷಕರನ್ನು ನೇಮಿಸಲು ಜಿಲ್ಲೆಯ ಸ್ಥಳೀಯ ಸಮಿತಿಗೆ ಅರ್ಜಿ ಹಾಕಬಹುದು. ಆಸ್ತಿ ಪಾಲಿನ ಮೊದಲೇ ಇದನ್ನು ಯೋಚಿಸುವುದು ಒಳ್ಳೆಯದು. ಇದಕ್ಕೆಲ್ಲ ಮೊದಲು ಬೇಕಾದುದು ವೈದ್ಯಕೀಯ ಪ್ರಮಾಣಪತ್ರ ಮತ್ತು ಯು.ಡಿ.ಐ.ಡಿ. ಕಾರ್ಡು. ಗ್ರಾಮ ಪಂಚಾಯತಿನ ಪುನರ್ವಸತಿ ಕಾರ್ಯಕರ್ತರನ್ನು ವಿಚಾರಿಸಿದರೆ ದಾರಿ ತಿಳಿಯುತ್ತದೆ.

ಪ್ರತಿ ವರ್ಷ ಎಪ್ರಿಲ್ ೨ ವಿಶ್ವ ಆಟಿಸಂ ಜಾಗೃತಿ ದಿನ. ಅದು ನಮ್ಮಲ್ಲಿ ಪರೀಕ್ಷೆ, ರಜೆಗಳ ಗಡಿಬಿಡಿಯ ಸಮಯ. ಆ ದಿನವೇ ಆಗಬೇಕೆಂದೇನೂ ಇಲ್ಲ. ಶಾಲಾ ವಾರ್ಷಿಕೋತ್ಸವದ ಆಟಕ್ಕೆ ನಾವು ಹೇಗೂ ಕೈಲಾದ ವಂತಿಗೆ ಕೊಡುತ್ತೇವೆ. ಮುಂದಿನ ವಾರ್ಷಿಕೋತ್ಸವಕ್ಕೆ ಇಂಥ ಅರ್ಧ ಗಂಟೆಯ ಒಂದು ಆಟ ಸೇರಲೆಂದು ಮುಖ್ಯೋಪಾಧ್ಯಾಯರಲ್ಲಿ ಕೇಳೋಣ. ಮನೆಯಲ್ಲಿ ಅಂಥ ಮಗುವಿರುವ ಸದಸ್ಯರು ಆ ದಿನ ಮಗುವನ್ನೂ ಕರೆದುಕೊಂಡು ಬರಲಿ. ಪಕ್ಕದ ಕುರ್ಚಿಯವರು ಸ್ವಲ್ಪ ಸರಿದು ಜಾಗ ಕೊಡಲಿ.