ಕೊಪ್ಪಳದ ನೆರೆಯಲ್ಲೊಂದು ಹಳೆಯ ಫಲಕಗಡಿ

ಭೂಫಲಕಗಳ ಗಡಿಯನ್ನು ಕಣ್ಣಾರೆ ನೋಡಲು ಎಲ್ಲಿಗೆ ಹೋಗಬೇಕು? ಐಸ್‌ಲ್ಯಾಂಡಿನ ಥಿಂಗ್‌ವೆಲ್ಲಿರ್‌ನಲ್ಲಿ ಎರಡು ಫಲಕಗಳು ವರ್ಷಕ್ಕೆ ಸುಮಾರು 2 ಸೆಂ.ಮೀ. ದೂರ ಸರಿಯುತ್ತಿವೆ. ನಮ್ಮ ಫಲಕದ ಉತ್ತರದ ಗಡಿ ಹಿಮಾಲಯದಲ್ಲಿದೆ. ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ವಿದ್ಯಾರ್ಥಿಗಳಿಗೆ ಎರಡೂ ದೂರವೇ. ಆದರೆ ಕೊಪ್ಪಳದಿಂದ ಗದಗಿಗೆ ಹೋಗುವವರು ತಿಳಿಯದೆಯೇ ಒಂದು ಗಡಿಯನ್ನು ದಾಟುತ್ತಾರೆ. ಅದು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯದು.

ಕರ್ನಾಟಕದ ಬಹುಭಾಗ ಧಾರವಾಡ ಶಿಲಾಖಂಡದ ಮೇಲಿದೆ. ಇದರಲ್ಲಿ ಎರಡು ಭಾಗಗಳು. ಪಶ್ಚಿಮ ಭಾಗದ ತಳಶಿಲೆಗಳಲ್ಲಿ ಬಹುಪಾಲು 300 ಕೋಟಿ ವರ್ಷಗಳಿಗೂ ಹಳೆಯವು. ಪೂರ್ವ ಭಾಗದಲ್ಲಿ 270ರಿಂದ 250 ಕೋಟಿ ವರ್ಷಗಳ ಹಿಂದಿನ ಗ್ರಾನೈಟುಗಳೇ ಹೆಚ್ಚು. ಗಂಗಾವತಿಯ ಬಂಡೆಬೆಟ್ಟಗಳು ಈ ಪೂರ್ವ ಭಾಗಕ್ಕೆ ಸೇರಿದವು. ಗದಗದಿಂದ ಚಿತ್ರದುರ್ಗದ ಕಡೆಗೆ ಚಾಚಿರುವ ಶಿಸ್ಟ್ ಶಿಲೆಗಳ ಪಟ್ಟಿಯ ಪೂರ್ವದ ಅಂಚೇ ಇವೆರಡರ ಗಡಿಯೆಂದು ಹಲವು ಭೂವಿಜ್ಞಾನಿಗಳ ಮತ. ಅಲ್ಲಿ ಶಿಲೆಗಳು ಒಂದನ್ನೊಂದು ಉಜ್ಜಿಕೊಂಡು ಸರಿದಿವೆ. ಅವುಗಳ ಖನಿಜ ಕಣಗಳು ನುಗ್ಗಾಗಿ, ಎಳೆಎಳೆಯಾಗಿ ಹಿಗ್ಗಿವೆ. ಕ್ಲೋಸ್‌ಪೇಟ್ ಗ್ರಾನೈಟೇ ಗಡಿ ಎನ್ನುವವರೂ ಇದ್ದಾರೆ. ಅಂದಿನ ಫಲಕಚಲನೆ ಇಂದಿನಂತೆಯೇ ಇತ್ತೇ ಎಂಬ ಚರ್ಚೆಯೂ ಮುಗಿದಿಲ್ಲ.

ಪ್ರವಾಸಕ್ಕೆ ಹೊರಟಾಗ ನೆಲದಲ್ಲಿ ಬಿರುಕನ್ನು ಹುಡುಕಬೇಡಿ. ಈ ಗಡಿ ಬೆಸೆದುಹೋದ ಗಾಯದ ಕಲೆ. ಗಂಗಾವತಿಯಲ್ಲಿ ಹರಳುಹರಳಾದ ಗ್ರಾನೈಟನ್ನು, ಗದಗದ ದಕ್ಷಿಣಕ್ಕಿರುವ ಕಪ್ಪತಗುಡ್ಡದ ಸೀಮೆಯಲ್ಲಿ ಹಾಳೆಹಾಳೆಯಾದ ಶಿಸ್ಟನ್ನು ಭೂತಗನ್ನಡಿಯಿಂದ ನೋಡಿ ಹೋಲಿಸಿ. ಗಂಗಾವತಿಯ ಗುಂಡುಗಳು ಭೂಕಂಪದಿಂದ ಉರುಳಿ ಬಿದ್ದವೆಂದು ಮಕ್ಕಳು ಹೇಳುವುದುಂಟು. ಅದು ತಪ್ಪು. ಬಿರುಕುಗಳಿಗೆ ಇಳಿದ ನೀರು ಬಂಡೆಯ ಮೂಲೆಗಳನ್ನು ಮೊದಲು ಸವೆಸುವುದರಿಂದ ಅವು ದುಂಡಗಾಗಿವೆ.

ಒಂದು ಸರಳ ಲೆಕ್ಕ ಮಾಡಿಸಿ. ಭಾರತದ ಫಲಕ ವರ್ಷಕ್ಕೆ ಸುಮಾರು 5 ಸೆಂ.ಮೀ.ನಂತೆ ಈಶಾನ್ಯಕ್ಕೆ ಸರಿಯುತ್ತಿದೆ. 60 ವರ್ಷಗಳಲ್ಲಿ ಎಷ್ಟು? 3 ಮೀಟರ್. ಹತ್ತು ಲಕ್ಷ ವರ್ಷಗಳಲ್ಲಿ? 50 ಕಿ.ಮೀ.

ಹಾಗಾದರೆ ಇಂದಿನ ಗಡಿಯಿಂದ ದೂರವಿರುವ ನಾವು ನಿಶ್ಚಿಂತರೇ? ಇಲ್ಲ. 1993ರ ಸೆಪ್ಟೆಂಬರ್ 30ರಂದು ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ನಡೆದ ಭೂಕಂಪ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಅದೂ ಫಲಕದ ಒಳಭಾಗವೇ. ಹಿಮಾಲಯದಲ್ಲಿ ಉಂಟಾಗುವ ಒತ್ತಡ ಫಲಕದ ಒಳಗೂ ಹರಡಿ, ಹಳೆಯ ದುರ್ಬಲ ಜಾಗಗಳಲ್ಲಿ ಬಿಡುಗಡೆಯಾಗುತ್ತದೆ. ಅಲ್ಲಿ ಹೆಚ್ಚಿನ ಸಾವುಗಳಿಗೆ ಕಾರಣ ಮಣ್ಣಿನಲ್ಲಿ ಕಲ್ಲಿಟ್ಟು ಕಟ್ಟಿದ ದಪ್ಪ ಗೋಡೆಗಳ ಕುಸಿತ. ಅಂಥ ಮನೆಗಳು ನಮ್ಮ ಹಳ್ಳಿಗಳಲ್ಲೂ ಇವೆ. ಆದ್ದರಿಂದ ಪ್ರವಾಸ ಮುಗಿಸಿ ಬಂದ ಮೇಲೆ ಊರಿನ ಗೋಡೆಗಳನ್ನೂ ವಿದ್ಯಾರ್ಥಿಗಳೊಂದಿಗೆ ಪರಿಶೀಲಿಸಿ.